ಅಣ್ಣಾ, ಕ್ಲೀಟ್ ಸ್ಕ್ರೂ ಸ್ಲಿಪ್ ಆಗ್ತಿದೆ, ಏನಾದ್ರೂ ಟ್ರಿಕ್ ಇದ್ಯಾ?

ಈ ಪ್ರಶ್ನೆ ನನಗೆ ಬರುವುದು ರಾತ್ರಿ ಹತ್ತರ ಮೇಲೆ. ಕ್ಲೀಟ್ ಅಂದರೆ ಸೈಕಲ್ ಶೂವಿನ ಅಟ್ಟೆಗೆ ಬೋಲ್ಟಿನಿಂದ ಬಿಗಿದಿರುವ, ಪೆಡಲಿಗೆ ಕಚ್ಚಿಕೊಳ್ಳುವ ತುಂಡು. ಕೇಳುವವರಿಗೆ ಮಾರನೆಯ ಬೆಳಗ್ಗೆ ಐದಕ್ಕೆ ರೈಡ್ ಇರುತ್ತದೆ. ಜೊತೆಗೊಂದು ಮಸುಕು ಫೋಟೊ: ಮಣ್ಣು ಮೆತ್ತಿದ ಅಟ್ಟೆ, ನಡುವೆ ಒಂದು ಕಪ್ಪು ತೂತು. ಅವರಿಗೆ ಬೇಕಾದದ್ದು ಒಂದು ಸಾಲಿನ ಉತ್ತರ. ಫೋನಿನಲ್ಲಿ ಹೇಳಿ ಹೇಳಿ ನನ್ನ ಗಂಟಲು ಸೋತಿದೆ. ಹಾಗಾಗಿ ಒಮ್ಮೆ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಟ್ರಿಕ್ ಅಂತ ಏನೂ ಇಲ್ಲ. ಒಂದು ರಾತ್ರಿ ಎಣ್ಣೆ ಹಾಕಿ ಕಾಯುವುದಿದೆ, ಆಮೇಲೆ ಮುಕ್ಕಾಲು ಗಂಟೆ ತಾಳ್ಮೆಯ ಕೆಲಸ ಇದೆ. ಬೆಳಗಿನ ರೈಡಿಗೆ ಸಾದಾ ಪೆಡಲ್ ಹಾಕಿಕೊಂಡು, ಮಾಮೂಲಿ ಶೂ ತೊಟ್ಟು ಹೋಗಿ.

ಪ್ರಶ್ನೆಯಲ್ಲಿ ನನಗೆ ಕಿರಿಕಿರಿಯಾಗುವುದು ‘ಸ್ಲಿಪ್ ಆಗ್ತಿದೆ’ ಅನ್ನುವ ಮಾತು. ಏನು ಸ್ಲಿಪ್ ಆಗುತ್ತಿದೆ? ಹೊಟ್ಟೆ ನೋವು ಅಂದರೆ ಡಾಕ್ಟರು ಎಲ್ಲಿ, ಹೇಗೆ, ಯಾವಾಗಿನಿಂದ ಅಂತ ಕೇಳುತ್ತಾರೆ ತಾನೆ? ನಾನು ಹಾಗೆ ಕೇಳಿದರೆ ಮಾತ್ರ ‘ಅಣ್ಣ ಬೈತಾರೆ’ ಅನ್ನುತ್ತೀರಿ. ಬೈಯುತ್ತಿಲ್ಲ. ಈ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಕಾಯಿಲೆಗಳಿವೆ, ಒಂದರ ಮದ್ದು ಇನ್ನೊಂದಕ್ಕೆ ವಿಷ.

ಒಂದು: ಬೋಲ್ಟ್ ಅಲ್ಲಾಡುತ್ತಿಲ್ಲ, ಅದರ ತಲೆಯ ಗುಳಿಯೊಳಗೆ ಅಲನ್ ಕೀ (ಆರು ಮೂಲೆಯ ಕಡ್ಡಿಯಂಥ ಕೀಲಿ) ಮಾತ್ರ ಗಿರ್ರನೆ ತಿರುಗುತ್ತಿದೆ. ಆರು ಮೂಲೆಯ ಗುಳಿ ಸವೆದು ಗುಂಡಗಾಗಿದೆ. ಎರಡು: ಕೀ ಸರಿಯಾಗಿಯೇ ಕಚ್ಚಿದೆ, ಬೋಲ್ಟೂ ತಿರುಗುತ್ತಿದೆ, ಆದರೆ ಎಷ್ಟು ತಿರುಗಿಸಿದರೂ ಮೇಲೆ ಬರುತ್ತಿಲ್ಲ. ಆಗ ಶೂ ಒಳಗಿರುವ ನಟ್ಟು ಬೋಲ್ಟಿನ ಜೊತೆಗೇ ಸುತ್ತುತ್ತಿದೆ ಅಂತ ಅರ್ಥ. ಮೂರು: ಥ್ರೆಡ್ಡೇ ಹೋಗಿದೆ. ಇದು ಬಿಗಿ ಮಾಡುವಾಗ ಗೊತ್ತಾಗುತ್ತದೆ. ಎಷ್ಟು ತಿರುಗಿಸಿದರೂ ಬಿಗಿ ಹಿಡಿಯುವುದಿಲ್ಲ, ಕ್ಲೀಟ್ ಕೆಳಗೆ ಸ್ಕ್ರೂಡ್ರೈವರ್ ಕೊಟ್ಟು ಎತ್ತುತ್ತಾ ತಿರುಗಿಸಿದರೆ ಎಷ್ಟೋ ಸಲ ಕಿತ್ತು ಬರುತ್ತದೆ.

ಮೊದಲನೆಯದೇ ಹೆಚ್ಚು. ಅದಕ್ಕೆ ಕಾರಣವೂ ಸರಳ. ಶಿಮಾನೊ ಕಂಪನಿಯ ಮತ್ತು ಅದರಂಥ ಬಹುಪಾಲು ಕ್ಲೀಟ್‌ಗಳಲ್ಲಿ 5 ಮಿ.ಮೀ. ದಪ್ಪದ ಬೋಲ್ಟು, ಅದಕ್ಕೆ 4 ಮಿ.ಮೀ. ಅಲನ್ ಕೀ. ನಡೆಯುವಾಗ ಅಡ್ಡ ಬರಬಾರದೆಂದು ತಲೆ ತೆಳ್ಳಗಿರುತ್ತದೆ, ಹಾಗಾಗಿ ಗುಳಿಯೂ ಆಳವಿಲ್ಲ. ಆ ಆಳವಿಲ್ಲದ ಗುಳಿಯ ತುಂಬ ಮಣ್ಣು ಕೂತಿರುತ್ತದೆ. ಕೀ ಅರ್ಧ ಮಾತ್ರ ಇಳಿಯುತ್ತದೆ, ಮೂಲೆಗಳ ತುದಿಯನ್ನಷ್ಟೇ ಹಿಡಿದು ಒತ್ತುತ್ತದೆ. ಬೆವರು, ಮಳೆನೀರು ಇಳಿದು ಥ್ರೆಡ್ ಕಚ್ಚಿಕೊಂಡಿರುತ್ತದೆ. ನೀವು ಬಲ ಹಾಕುತ್ತೀರಿ, ಮೂಲೆಗಳು ಹೋಗುತ್ತವೆ.

ಈಗ ಮದ್ದು. ಮೊದಲು ಶೂ ಒಳಗಿನ ಇನ್‌ಸೋಲ್, ಅಂದರೆ ಪಾದದಡಿಯ ಮೆತ್ತೆ, ಎತ್ತಿ ನೋಡಿ. ನಟ್ಟೋ ಪ್ಲೇಟೋ ಕಾಣುವಂತಿದ್ದರೆ ಒಳಗಿನಿಂದ ಎಣ್ಣೆ ಬಿಡಿ. ಥ್ರೆಡ್ ಇರುವುದು ಅಲ್ಲಿ. ಹೊರಗೆ ತಲೆಯ ಮೇಲೆ ಎಷ್ಟು ಸುರಿದರೂ ತಲೆಗಷ್ಟೇ ಸ್ನಾನ. ತುಕ್ಕು ಬಿಡಿಸುವ ಎಣ್ಣೆಯ ನಾಲ್ಕೈದು ಹನಿ ಸಾಕು, ರಾತ್ರಿಯಿಡೀ ಬಿಡಿ. ಬೆಳಗ್ಗೆ ದಬ್ಬಳ ಅಥವಾ ಗಟ್ಟಿ ಸೂಜಿ ತೆಗೆದುಕೊಂಡು ಗುಳಿಯ ತಳ ಕಾಣುವವರೆಗೆ ಕೆರೆಯಿರಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಆಮೇಲೆ ಸವೆಯದ, ಮೂಲೆ ಚೂಪಾಗಿರುವ ಕೀ ಹಾಕಿ. ತುದಿ ಗುಂಡಗಿರುವ ಬಾಲ್ ಎಂಡ್ ಕೀ ಬೇಡವೇ ಬೇಡ, ಅದು ಓರೆಯಾಗಿ ಹಾಕಿ ಸಡಿಲ ಬೋಲ್ಟು ಸುತ್ತಲು ಇರುವುದು. ಕೀಯನ್ನು ನೇರ ನಿಲ್ಲಿಸಿ ಸುತ್ತಿಗೆಯಿಂದ ಎರಡೇಟು ಮೆಲ್ಲಗೆ ತಟ್ಟಿ, ಶೂವನ್ನು ತೊಡೆಯ ಮೇಲಲ್ಲ, ಮೇಜಿನ ಮೇಲೆ ಒತ್ತಿ ಹಿಡಿದು, ಎಡಕ್ಕೆ ತಿರುಗಿಸಿ. ‘ಹೋಗಿದೆ’ ಅಂತ ತಂದ ಬೋಲ್ಟುಗಳಲ್ಲಿ ಎಷ್ಟೋ ಇಷ್ಟರಲ್ಲೇ ಬಿಟ್ಟುಕೊಂಡಿವೆ.

ಬರಲಿಲ್ಲವೆ? ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್ ಹುಡುಕಿ. 4 ಮಿ.ಮೀ. ಗುಳಿ ಗುಂಡಗಾದಾಗ ಅದರ ಅಗಲ ಹೆಚ್ಚೆಂದರೆ 4.6 ಮಿ.ಮೀ. ಟಿ25 ಬಿಟ್ಟಿನ ತುದಿಯಿಂದ ತುದಿಗೆ ಸುಮಾರು 4.4, ಟಿ27 ಸುಮಾರು 5. ಸ್ವಲ್ಪ ಸವೆದಿದ್ದರೆ ಟಿ25 ಕೂರುತ್ತದೆ. ಪೂರ್ತಿ ಗುಂಡಗಾಗಿದ್ದರೆ ಟಿ27 ಅನ್ನು ಸುತ್ತಿಗೆಯಿಂದ ಹೊಡೆದು ಇಳಿಸಬೇಕು. ಅದರ ಆರು ಹಲ್ಲುಗಳು ಲೋಹದಲ್ಲಿ ತಮ್ಮ ಜಾಗ ತಾವೇ ಕೊರೆದುಕೊಳ್ಳುತ್ತವೆ. ಇದಕ್ಕೆ ಒಂದೇ ಅವಕಾಶ. ಓರೆಯಾಗಿ ಹೊಡೆದರೆ ಅದೂ ಹೋಯಿತು.

ಇನ್ನೊಂದು ದಾರಿಯಿದೆ, ಯಾಕೋ ಯಾರಿಗೂ ಹೊಳೆಯುವುದಿಲ್ಲ. ಚೆನ್ನಾಗಿರುವ ಬೋಲ್ಟುಗಳನ್ನು ಮೊದಲು ತೆಗೆದುಬಿಡಿ. ಒಂದೇ ಕೆಟ್ಟ ಬೋಲ್ಟಿನ ಮೇಲೆ ಕ್ಲೀಟ್ ನಿಂತಿರುವಾಗ, ದೊಡ್ಡ ಇಕ್ಕಳದಿಂದ ಕ್ಲೀಟನ್ನೇ ಹಿಡಿದು ಎಡಕ್ಕೆ ತಿರುಗಿಸಿ. ತಲೆ ಕ್ಲೀಟನ್ನು ಬಿಗಿಯಾಗಿ ಒತ್ತಿಕೊಂಡಿರುವುದರಿಂದ ಬೋಲ್ಟೂ ಅದರ ಜೊತೆ ತಿರುಗಬಹುದು. ಕಾಲುಸುತ್ತು ತಿರುಗಿದರೂ ಸಾಕು, ಬಿಗಿ ಬಿಡುತ್ತದೆ. ಎಸ್‌ಪಿಡಿ ಅನ್ನುವ ಎರಡು ಬೋಲ್ಟಿನ ಚಿಕ್ಕ ಕ್ಲೀಟಿಗೆ ಅಟ್ಟೆಯ ಸುತ್ತಲಿನ ರಬ್ಬರ್ ಅಡ್ಡ ಬರುತ್ತದೆ, ಆದರೂ ಒಮ್ಮೆ ಪ್ರಯತ್ನಿಸಿ.

ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸುವ ವಿಡಿಯೊ ನನಗೆ ಕಳಿಸಬೇಡಿ. ಮರದ ಕಪಾಟಿನ ಸ್ಕ್ರೂಗೆ ಅದು ಆದೀತು. ಕ್ಲೀಟ್ ಬೋಲ್ಟನ್ನು 5ರಿಂದ 6 ನ್ಯೂಟನ್ ಮೀಟರ್ ಬಿಗಿ ಮಾಡಿರುತ್ತಾರೆ. ಅಂದರೆ ಹತ್ತು ಸೆಂಟಿಮೀಟರ್ ಉದ್ದದ ಹಿಡಿಯ ತುದಿಗೆ ಐದಾರು ಕಿಲೋ ತೂಗಹಾಕಿದಷ್ಟು. ಅದರ ಮೇಲೆ ತುಕ್ಕಿನ ಹಿಡಿತ ಬೇರೆ. ರಬ್ಬರ್ ಹರಿದು ಗುಳಿಯಲ್ಲಿ ಕೂರುತ್ತದೆ, ಅದನ್ನು ಕೆರೆದು ತೆಗೆಯುವುದು ಮತ್ತೊಂದು ಕೆಲಸ. ಫೆವಿಕ್ವಿಕ್ ಹಾಕಿ ಕೀ ಅಂಟಿಸುವವರ ಬಗ್ಗೆ ಏನು ಹೇಳಲಿ? ನೀರಿನಷ್ಟು ತೆಳ್ಳಗಿನ ಅಂಟು ಅದು, ಬೋಲ್ಟಿನ ಅಂಚಿಗೆ ಹರಿದರೆ ಕ್ಲೀಟಿಗೂ ಬೋಲ್ಟಿಗೂ ಬೆಸುಗೆ. ಬೆಂಕಿಯಂತೂ ಬೇಡ. ಕಾರ್ಬನ್ ಅಟ್ಟೆಯ ರಾಳ ಬಿಸಿಗೆ ಮೆತ್ತಗಾಗುತ್ತದೆ, ನೈಲಾನ್ ಅಟ್ಟೆ ಕರಗುತ್ತದೆ, ಮೇಲ್ಭಾಗವನ್ನು ಅಟ್ಟೆಗೆ ಅಂಟಿಸಿದ ಗೋಂದು ಬಿಡುತ್ತದೆ.

ಕೊನೆಯ ದಾರಿ ಡ್ರಿಲ್. ಇದಕ್ಕೆ ಜನ ಹೆದರುತ್ತಾರೆ, ಆದರೆ ಮೊದಲನೆಯ ಕಾಯಿಲೆಗೆ ಇದರಷ್ಟು ನಂಬಿಕೆಯ ಮದ್ದು ಬೇರೆ ಇಲ್ಲ. ಬೋಲ್ಟನ್ನು ಪೂರ್ತಿ ಕೊರೆಯುವುದಿಲ್ಲ, ತಲೆ ಹಾರಿಸುವುದಷ್ಟೇ. ಗುಳಿಯೇ ಬಿಟ್ಟನ್ನು ನಡುವಿಗೆ ಹಿಡಿದುಕೊಳ್ಳುತ್ತದೆ. ಮೊದಲು 4 ಮಿ.ಮೀ., ಆಮೇಲೆ 5. ನಿಧಾನ ವೇಗ, ಗಟ್ಟಿ ಒತ್ತು, ಆಗಾಗ ಒಂದು ಹನಿ ಎಣ್ಣೆ. ಸ್ಟೇನ್‌ಲೆಸ್ ಬೋಲ್ಟಾಗಿದ್ದರೆ ವೇಗವಾಗಿ ಉಜ್ಜಿದಷ್ಟೂ ಅದು ಗಡುಸಾಗುತ್ತದೆ, ಬಿಟ್ ಹೊಳಪು ಕೊಡುತ್ತಾ ಕೂರುತ್ತದೆಯೇ ಹೊರತು ಕೊರೆಯುವುದಿಲ್ಲ. ಕಣ್ಣಿಗೆ ಕನ್ನಡಕ ಇಲ್ಲದೆ ಡ್ರಿಲ್ ಮುಟ್ಟಬೇಡಿ. ತಲೆ ಉಂಗುರದಂತೆ ಬಿಟ್ಟಿನ ಮೇಲೇರಿ ಬಂದ ತಕ್ಷಣ ನಿಲ್ಲಿಸಿ. ಕ್ಲೀಟ್ ಎತ್ತಿದರೆ ಕೆಳಗೆ ಬೋಲ್ಟಿನ ಮೋಟು ನಿಂತಿರುತ್ತದೆ. ಈಗ ಒಂದು ಸೊಗಸು ನೋಡಿ: ಬಿಗಿ ಮಾಡಲು ಹಾಕಿದ ಬಲದಲ್ಲಿ ಸುಮಾರು ಅರ್ಧ ಹೋಗುವುದು ತಲೆಯಡಿಯ ಉಜ್ಜಾಟಕ್ಕೆ. ತಲೆ ಹೋದಾಗ ಆ ಹಿಡಿತವೂ ಹೋಗುತ್ತದೆ, ಬೋಲ್ಟನ್ನು ಎಳೆದು ಹಿಡಿದಿದ್ದ ಬಿಗಿಯೂ ಹೋಗುತ್ತದೆ. ಅಷ್ಟು ಹೊತ್ತು ಸತಾಯಿಸಿದ ಬೋಲ್ಟು ಕೆಲವೊಮ್ಮೆ ಬೆರಳಲ್ಲೇ ತಿರುಗಿ ಕೈಗೆ ಬರುತ್ತದೆ. ಬೆರಳಿಗೆ ಬರದಿದ್ದರೆ ಲಾಕಿಂಗ್ ಪ್ಲೇಯರ್, ಅಂದರೆ ಕಚ್ಚಿ ಬಿಗಿಯಾಗಿ ನಿಲ್ಲುವ ಇಕ್ಕಳ.

ಎರಡನೆಯ ಕಾಯಿಲೆಗೆ ಮಾತ್ರ ಡ್ರಿಲ್ ತೆಗೆಯಬೇಡಿ. ಇದನ್ನು ನಾನು ಕಲಿತದ್ದು ಬೇರೊಬ್ಬರ ಶೂ ಹಾಳು ಮಾಡಿ.

ನನ್ನ ಜೊತೆ ಸೈಕಲ್ ತುಳಿಯುವ ಹುಡುಗನೊಬ್ಬ. ಅವನ ಮೊದಲ ಇನ್ನೂರು ಕಿಲೋಮೀಟರ್ ರೈಡಿಗೆ ಎರಡು ದಿನವಿತ್ತು. ‘ಅಣ್ಣಾ, ಸ್ಲಿಪ್ ಆಗ್ತಿದೆ’ ಅಂದ. ನಾನೂ ಕೇಳಲಿಲ್ಲ, ಏನು ಸ್ಲಿಪ್ ಆಗುತ್ತಿದೆ ಅಂತ. ಗುಳಿ ಸವೆದದ್ದು ಕಣ್ಣಿಗೆ ಕಂಡಿತ್ತು, ಅಷ್ಟೇ ಸಾಕೆನಿಸಿತು. ಇನ್‌ಸೋಲ್ ಎತ್ತದೆ ಡ್ರಿಲ್ ಹಚ್ಚಿದೆ. ಬೋಲ್ಟು ಬಿಟ್ಟಿನ ಜೊತೆಗೇ ಸುತ್ತತೊಡಗಿತು. ಬಲ ಸಾಲದು ಅಂದುಕೊಂಡು ಇನ್ನಷ್ಟು ಒತ್ತಿದೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದ ಮೇಲೆ ನಿಲ್ಲಿಸಿದೆ. ಒಳಗಿನ ನಟ್ಟು ಆಗಲೇ ತನ್ನ ಕೂಡು ಕಿತ್ತುಕೊಂಡು ಸುತ್ತುತ್ತಿತ್ತು, ನನ್ನ ಡ್ರಿಲ್ ಅದನ್ನು ಬಿಸಿ ಮಾಡಿ ಅಟ್ಟೆಯ ತೂತನ್ನೇ ದೊಡ್ಡದು ಮಾಡಿತ್ತು. ಇನ್‌ಸೋಲ್ ಎತ್ತಿ, ಒಳಗೆ ಆ ನಟ್ಟನ್ನು ತೆಳು ಮೂತಿಯ ಇಕ್ಕಳದಿಂದ ಒಬ್ಬರು ಹಿಡಿದು ಇನ್ನೊಬ್ಬರು ಹೊರಗಿನಿಂದ ತಿರುಗಿಸಿದ್ದರೆ ಐದು ನಿಮಿಷದ ಕೆಲಸ. ಹಿಡಿಯಲು ಜಾಗವಿಲ್ಲದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಕ್ಲೀಟನ್ನೇ ಬೋಲ್ಟಿನವರೆಗೆ ಸೀಳಿ ತೆಗೆಯಬಹುದಿತ್ತು. ಕ್ಲೀಟ್ ಹೇಗೂ ಬಿಸಾಡುವುದೇ. ಅವನು ಒಂದು ಮಾತೂ ಆಡಲಿಲ್ಲ. ಶೂ ಚೀಲಕ್ಕೆ ಹಾಕಿಕೊಂಡು ‘ಪರವಾಗಿಲ್ಲ ಬಿಡಣ್ಣಾ’ ಅಂದ. ನನ್ನದೊಂದು ಜೊತೆ ಕೊಟ್ಟೆ, ಅವನ ಕಾಲಿಗೆ ದೊಡ್ಡದಾಯಿತು. ಆ ರೈಡಿಗೆ ಅವನು ಹೋಗಲಿಲ್ಲ. ನಾನು ಇಷ್ಟೆಲ್ಲ ಪ್ರಶ್ನೆ ಕೇಳುವುದು ಅಂದಿನಿಂದ.

ನನ್ನನ್ನು ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಹೋದದ್ದನ್ನು ಹೇಗೆ ತೆಗೆಯಬೇಕು ಅಂತಲ್ಲ, ಮೊದಲ ಸಲ ಕೀ ಜಾರಿದಾಗ ಏನು ಮಾಡಬೇಕು ಅಂತ. ಒಂದು ಸಲ ಜಾರಿದ ಗುಳಿಯಲ್ಲಿ ಮೂಲೆಗಳು ಇನ್ನೂ ಮುಕ್ಕಾಲು ಪಾಲು ಇರುತ್ತವೆ. ಅದನ್ನು ಹಾಳು ಮಾಡುವುದು ಎರಡನೆಯ, ಮೂರನೆಯ, ಹತ್ತನೆಯ ಸಲದ ಹಟ. ಹಲ್ಲು ಕಚ್ಚಿ ಇನ್ನೊಮ್ಮೆ ತಿರುಗಿಸುತ್ತೀರಲ್ಲ, ಆಗ. ನನ್ನ ಹತ್ತಿರ ಬರುವ ಶೂಗಳೆಲ್ಲ ಆ ಹತ್ತನೆಯ ಸಲದ ನಂತರ ಬಂದವು.

ಹೋದ ತಿಂಗಳು ತಂಗಿಯ ಮಗಳು ಫೋನ್ ಮಾಡಿದಳು. ‘ಮಾವಾ, ಕೀ ಒಂದ್ಸಲ ಜಾರ್ತು. ನಿಲ್ಲಿಸ್ಬಿಟ್ಟೆ. ಮುಂದೇನ್ ಮಾಡ್ಲಿ?’ ಅವಳನ್ನು ಎತ್ತಿ ಮುದ್ದಾಡಬೇಕೆನಿಸಿತು. ಸೂಜಿ ಹಾಕಿ ಕೆರೆ ಅಂದೆ. ಗುಳಿಯ ತಳದಿಂದ ಅಕ್ಕಿಕಾಳಿಗಿಂತ ಚಿಕ್ಕದೊಂದು ಕಲ್ಲು ಬಂತು. ಕೀ ಒಂದು ಮಿಲಿಮೀಟರ್ ಹೆಚ್ಚು ಇಳಿಯಿತು. ಟಕ್ ಅಂತ ಬೋಲ್ಟು ಬಿಟ್ಟ ಸದ್ದು ನನಗೆ ಫೋನಿನಲ್ಲೇ ಕೇಳಿಸಿತು.

ಅವಳಿಗೆ ಆಮೇಲೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಹೊಸ ಕ್ಲೀಟಿನ ಪೊಟ್ಟಣದಲ್ಲಿ ಹೊಸ ಬೋಲ್ಟು ಇದ್ದರೆ ಹಳೆಯದನ್ನು ಮತ್ತೆ ಹಾಕಬೇಡಿ. ಥ್ರೆಡ್ಡಿಗೆ ಚೂರು ಗ್ರೀಸ್ ಸವರಿ. ಬಿಗಿ ಮಾಡಿದ ಮೇಲೆ ಗುಳಿಯೊಳಗೆ ಕರಗಿದ ಮೇಣದ ಎರಡು ಹನಿ ಬಿಡಿ. ಮಣ್ಣು ಕೂರುವುದಿಲ್ಲ, ಬೇಕಾದಾಗ ಸೂಜಿಯಿಂದ ಎಬ್ಬಿಸಿದರೆ ಮೇಣ ಇಡಿಯಾಗಿ ಬರುತ್ತದೆ. ರೋಡ್ ಸೈಕಲ್ಲಿನ ಪ್ಲಾಸ್ಟಿಕ್ ಕ್ಲೀಟ್ ತೊಟ್ಟು ತುಂಬಾ ನಡೆಯಬೇಡಿ. ಪ್ಲಾಸ್ಟಿಕ್ ಸವೆದ ಮೇಲೆ ನೆಲಕ್ಕೆ ಉಜ್ಜುವುದು ಬೋಲ್ಟಿನ ತಲೆ, ಮೊದಲೇ ಆಳವಿಲ್ಲದ ಗುಳಿ ಇನ್ನೂ ತೆಳ್ಳಗಾಗುತ್ತದೆ.

ಇಷ್ಟಾದರೂ ಬೋಲ್ಟು ಬರದಿದ್ದರೆ ನನಗೆ ಧಾರಾಳವಾಗಿ ಬರೆಯಿರಿ. ಬರೆಯುವಾಗ ಇನ್‌ಸೋಲ್ ಎತ್ತಿ ತೆಗೆದ ಒಂದು ಫೋಟೊ, ಗುಳಿ ತೊಳೆದ ಮೇಲೆ ತೆಗೆದ ಇನ್ನೊಂದು ಫೋಟೊ ಇರಲಿ. ತಿರುಗುತ್ತಿರುವುದು ಕೀಯೋ ಬೋಲ್ಟೋ ಅನ್ನುವುದನ್ನು ತಿಳಿಸಿ. ಎಷ್ಟು ಸಲ ಜಾರಿದೆ ಅನ್ನುವುದನ್ನೂ, ದಯವಿಟ್ಟು, ಇದ್ದ ಹಾಗೇ ಬರೆಯಿರಿ.