ಡೀಸೆಲ್ ಸ್ವಿಫ್ಟ್ ಕೊಟ್ಟು ಏನು ತಗೊಳ್ಳಲಿ?

ಹಾಸನದಲ್ಲಿ ಗ್ಯಾರೇಜ್ ಇಟ್ಟುಕೊಂಡವನಿಗೆ ಈಗ ಜನ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಅಣ್ಣಾ, ನಮ್ ಡೀಸೆಲ್ ಸ್ವಿಫ್ಟಿಗೆ ವಯಸ್ಸಾಯ್ತು. ಅದೇ ಪಿಕಪ್ಪು, ಅದೇ ಮೈಲೇಜು ಇರೋ ಬೇರೆ ಗಾಡಿ ಯಾವುದು ಹೇಳು." ಗಾಡಿ ಸ್ವಿಫ್ಟೇ ಆಗಬೇಕೆಂದಿಲ್ಲ. ಡಿಜೈರ್, ರಿಟ್ಜ್, ಇಂಡಿಕಾ ವಿಸ್ತಾ, ಪುಂಟೊ, ಯಾವುದರ ಬಾನೆಟ್ ಎತ್ತಿದರೂ ಒಳಗೆ ಕೂತಿರುವುದು ಫಿಯೆಟ್‌ನ ಅದೇ 1.3 ಲೀಟರ್ ಮಲ್ಟಿಜೆಟ್. ಇಟಲಿಯವರ ಇಂಜಿನ್ನಿಗೆ ನಮ್ಮವರು 'ರಾಷ್ಟ್ರೀಯ ಇಂಜಿನ್' ಅಂತ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅಂಥ ಗಾಡಿ ಅಂಥ ಬೆಲೆಗೆ ಈಗ ಇಲ್ಲ. ಪಿಕಪ್ ಒಂದರಲ್ಲಿ ಸಿಗುತ್ತದೆ, ಮೈಲೇಜ್ ಇನ್ನೊಂದರಲ್ಲಿ. ಎರಡೂ ಒಂದರಲ್ಲೇ ಬೇಕೆಂದರೆ ಮತ್ತೆ ಡೀಸೆಲ್ಲೇ ತಗೊಳ್ಳಬೇಕು, ಇಲ್ಲ ಚೆನ್ನಾಗಿ ದುಡ್ಡು ಬಿಚ್ಚಬೇಕು. ಹಾಗಾಗಿ ನಾನು ತಿರುಗಿ ಕೇಳುವುದು: ನಿಮಗೆ ತಪ್ಪಿಹೋಗುತ್ತದೆ ಅಂತ ಭಯ ಇರುವುದು ಎಳೆತದ್ದಾ, ಬಂಕಿನ ಬಿಲ್ಲಿನದ್ದಾ? ಮುಕ್ಕಾಲು ಪಾಲು ಜನ ಇದನ್ನು ಯೋಚಿಸಿಯೇ ಇರುವುದಿಲ್ಲ. ಹಳೆ ಗಾಡಿ ಎರಡನ್ನೂ ಒಟ್ಟಿಗೆ ಕೊಟ್ಟು ಅಭ್ಯಾಸ ಮಾಡಿಸಿದೆ ನೋಡಿ.

ಎಳೆತದ ಲೆಕ್ಕ ಹೀಗೆ. ಕಾಗದದ ಮೇಲೆ ಹಳೆ ಸ್ವಿಫ್ಟ್ ಡೀಸೆಲ್ 75 ಪಿಎಸ್ (ಅಶ್ವಶಕ್ತಿ), ಈಗಿನ ಪೆಟ್ರೋಲ್ ಸ್ವಿಫ್ಟ್ 82 ಪಿಎಸ್. ಶೋರೂಮಿನ ಹುಡುಗ ಇದನ್ನೇ ತೋರಿಸಿ "ಸಾರ್, ಹೊಸದೇ ಪವರ್‌ಫುಲ್" ಅಂತಾನೆ. ಅವನು ಹೇಳದೆ ಬಿಡುವುದು ಟಾರ್ಕಿನ, ಅಂದರೆ ತಿರುಗಿಸುವ ಬಲದ ಸಾಲು. ಹಳೆಯದು 190 ಎನ್‌ಎಂ ಟಾರ್ಕನ್ನು 2000 ಆರ್‌ಪಿಎಂನಲ್ಲೇ, ಅಂದರೆ ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗಲೇ ಕೊಡುತ್ತಿತ್ತು. ಹೊಸದರ ಒಟ್ಟು ಟಾರ್ಕು 112 ಎನ್‌ಎಂ, ಅದೂ ಸಿಗುವುದು 4300 ಆರ್‌ಪಿಎಂಗೆ. ದಿನನಿತ್ಯ ನಾವು ಓಡಿಸುವುದು 1500ರಿಂದ 2500ರ ಒಳಗೆ. 2000 ಆರ್‌ಪಿಎಂನಲ್ಲಿ ಹಳೆ ಡೀಸೆಲ್ 54 ಪಿಎಸ್ ಕೊಡುತ್ತಿತ್ತು. ಹೊಸ ಪೆಟ್ರೋಲು ತನ್ನ ಪೂರ್ತಿ 112ನ್ನೂ ಅಲ್ಲೇ ಕೊಟ್ಟಿತು ಅಂತಿಟ್ಟುಕೊಂಡರೂ 32 ಪಿಎಸ್ ದಾಟುವುದಿಲ್ಲ. ಶಿರಾಡಿ ಘಾಟಿಯಲ್ಲಿ ಗುಂಡ್ಯದಿಂದ ಮಾರನಹಳ್ಳಿ ಕಡೆ ಹತ್ತುವಾಗ, ಮುಂದೆ ಲೋಡ್ ಟ್ಯಾಂಕರ್ ತೆವಳುತ್ತಿದ್ದರೆ, ಓವರ್‌ಟೇಕ್ ಮಾಡಲು ಸಿಗುವ ಸಣ್ಣ ಜಾಗದಲ್ಲಿ ಈ 54ಕ್ಕೂ 32ಕ್ಕೂ ಇರುವ ಅಂತರ ಕಾಲಿಗೇ ಗೊತ್ತಾಗುತ್ತದೆ. ಪೆಟ್ರೋಲಿನವನು ಎರಡನೇ ಗೇರಿಗೆ ಇಳಿಸಿ ಇಂಜಿನ್ ಕಿರುಚಿಸಬೇಕು.

ಹಳೆಯದನ್ನು ಹೊಗಳುವವರು ಒಂದು ಮಾತು ಮರೆಯುತ್ತಾರೆ. 1800ರ ಕೆಳಗೆ ಆ ಇಂಜಿನ್ನಿಗೆ ಜೀವವೇ ಇರುತ್ತಿರಲಿಲ್ಲ. ಹೇರ್‌ಪಿನ್ ತಿರುವಿನಲ್ಲಿ ಎರಡನೇ ಗೇರಲ್ಲಿ ಆರ್‌ಪಿಎಂ ಬಿತ್ತೋ, ಹಾಫ್ ಕ್ಲಚ್ ಹಿಡಿದು ಒದ್ದಾಡಬೇಕು. ಮಲೆನಾಡಿನ ಸ್ವಿಫ್ಟ್‌ಗಳ ಕ್ಲಚ್ ಪ್ಲೇಟು ಬೇಗ ಸವೆಯುವುದಕ್ಕೆ ಇದೂ ಒಂದು ಕಾರಣ. ನನ್ನ ವ್ಯಾಪಾರಕ್ಕೆ ಒಳ್ಳೆಯದೇ ಆಯಿತು ಅನ್ನಿ.

ಮೈಲೇಜಿನ ಗುಟ್ಟು ಬೇರೆ. ಒಂದು ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಶೇ. 10ಕ್ಕೂ ಹೆಚ್ಚು ಶಕ್ತಿ ಇರುತ್ತದೆ. ಡೀಸೆಲ್ ಇಂಜಿನ್ ಗಾಳಿಯನ್ನು 16-18 ಪಟ್ಟು ಒತ್ತಿ ಉರಿಸುವುದರಿಂದ ಆ ಶಕ್ತಿಯಲ್ಲಿ ಹೆಚ್ಚಿನ ಪಾಲು ಕೆಲಸಕ್ಕೆ ಬರುತ್ತದೆ. ಈಗ ಬಂಕಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಬೇರೆ. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ, ಆದ್ದರಿಂದ ಪೆಟ್ರೋಲ್ ಗಾಡಿಯ ಮೈಲೇಜು ಇನ್ನಷ್ಟು ಕೆಳಗಿಳಿಯುತ್ತದೆ.

ಇಷ್ಟು ಒಳ್ಳೆಯದಾದರೆ ಸಣ್ಣ ಡೀಸೆಲ್ ಗಾಡಿಗಳನ್ನು ನಿಲ್ಲಿಸಿದ್ದೇಕೆ? 2012ರ ಹೊತ್ತಿಗೆ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ 25 ರೂಪಾಯಿಗೂ ಮೀರಿ ವ್ಯತ್ಯಾಸ ಇತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರದ ಮೇಲಿನ ಸರ್ಕಾರಿ ಹಿಡಿತ ತೆಗೆದರು, ಅಂತರ ಕರಗಿತು. 2025ರಲ್ಲಿ ನಮ್ಮಲ್ಲಿ ಪೆಟ್ರೋಲ್ 103ರ ಆಸುಪಾಸು, ಡೀಸೆಲ್ 91ರ ಆಸುಪಾಸು. ಈ ನಡುವೆ 2020ರ ಏಪ್ರಿಲ್ 1ಕ್ಕೆ ಬಿಎಸ್6 ಅನ್ನುವ ಹೊಗೆ ಮಿತಿಯ ನಿಯಮ ಬಂತು. ಸಣ್ಣ ಡೀಸೆಲ್ ಇಂಜಿನ್ನನ್ನು ಆ ಮಟ್ಟಕ್ಕೆ ಶುದ್ಧ ಮಾಡಲು ತಗಲುವ ಖರ್ಚು ಗಾಡಿಯ ಬೆಲೆಗೆ ಹೊಂದುವುದಿಲ್ಲ ಅಂತ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಫೋಕ್ಸ್‌ವ್ಯಾಗನ್, ರೆನೊ ಕೂಡ ಅದೇ ದಾರಿ ಹಿಡಿದವು.

ಈಗ ಉಳಿದಿರುವುದು ಏನು? ತಿಂಗಳಿಗೆ 1500 ಕಿ.ಮೀ. ಮೇಲೆ ಓಡಿಸುವವರಿಗೆ, ಅದರಲ್ಲೂ ಹೆಚ್ಚಿನ ಓಟ ಹೆದ್ದಾರಿಯಲ್ಲೇ ಇದ್ದರೆ, ನಾನು ಅನುಮಾನವೇ ಇಲ್ಲದೆ ಮತ್ತೆ ಡೀಸೆಲ್ಲೇ ತಗೊಳ್ಳಿ ಅಂತೀನಿ. ನೆಕ್ಸಾನ್ 260 ಎನ್‌ಎಂ, ಸೋನೆಟ್ ಮತ್ತು ವೆನ್ಯೂ 250, ಮಹೀಂದ್ರಾ 3ಎಕ್ಸ್‌ಒ 300. ಸ್ವಿಫ್ಟ್‌ನ 190ರ ಮುಂದೆ ಇವು ಎತ್ತಿನ ಬಲದವು. ಭಾರವೂ ಹೆಚ್ಚು, ಎತ್ತರವೂ ಹೆಚ್ಚು, ಆದ್ದರಿಂದ ಸ್ವಿಫ್ಟ್ ಕೊಡುತ್ತಿದ್ದ ಮೈಲೇಜಿಗಿಂತ ಒಂದೆರಡು ಕಿ.ಮೀ. ಕಡಿಮೆ ಅಂತಲೇ ಇಟ್ಟುಕೊಳ್ಳಿ. ಡೀಸೆಲ್ ಹ್ಯಾಚ್‌ಬ್ಯಾಕೇ ಬೇಕು ಅನ್ನುವ ಹಟದವರಿಗೆ ಆಲ್ಟ್ರೋಜ್ ಒಂದಿದೆ. ಒಂದು ಸಮಾಧಾನದ ವಿಷಯ: 4 ಮೀಟರ್ ಉದ್ದ, 1500 ಸಿಸಿ ಒಳಗಿನ ಡೀಸೆಲ್ ಗಾಡಿಗಳಿಗೆ ಮೊದಲು ಸೆಸ್ ಸೇರಿ ಶೇ. 31 ತೆರಿಗೆ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ.

ಆದರೆ ಬೆಂಗಳೂರಿನ ಒಳಗೇ ಓಡಾಡುವವರು ಹೊಸ ಡೀಸೆಲ್ ತಗೊಳ್ಳಬೇಡಿ. ಕಾರಣ ಸೈಲೆನ್ಸರ್ ಸಾಲಿನಲ್ಲಿ ಕೂತಿರುವ ಡಿಪಿಎಫ್ ಅನ್ನುವ ಮಸಿ ಹಿಡಿಯುವ ಫಿಲ್ಟರ್. ಮಸಿ ತುಂಬಿದಾಗ ಅದು ತನ್ನನ್ನು ತಾನೇ ಬಿಸಿ ಮಾಡಿಕೊಂಡು ಸುಟ್ಟುಕೊಳ್ಳಬೇಕು, ಅದಕ್ಕೆ ಸ್ವಲ್ಪ ಹೊತ್ತು ಒಂದೇ ಸಮ ವೇಗದ ಓಟ ಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅದೆಲ್ಲಿ ಸಿಗಬೇಕು? ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಬಿಸಿ ಮಾಡಲು ನೋಡುತ್ತದೆ, ಅಷ್ಟರಲ್ಲಿ ನೀವು ಆಫೀಸು ತಲುಪಿ ಕೀ ತಿರುಗಿಸಿರುತ್ತೀರಿ. ಉರಿಯದ ಆ ಡೀಸೆಲ್ ಜಾರಿ ಇಂಜಿನ್ ಆಯಿಲ್ಲಿಗೆ ಸೇರುತ್ತದೆ. ಬೆಂಗಳೂರಿನಿಂದ ಹಬ್ಬಕ್ಕೆ ಊರಿಗೆ ಬರುವ ಗಾಡಿಗಳಲ್ಲಿ ಇದನ್ನು ಕಣ್ಣಾರೆ ನೋಡುತ್ತೇನೆ: ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ, ಆಯಿಲ್ ಕಡ್ಡಿ ಎಳೆದರೆ ಮಟ್ಟ ಮೇಲಿನ ಗೀಟನ್ನೂ ದಾಟಿದೆ, ಬೆರಳಲ್ಲಿ ಉಜ್ಜಿದರೆ ನೀರುನೀರು, ಮೂಸಿದರೆ ಡೀಸೆಲ್ ವಾಸನೆ. ಆಯಿಲ್ ಕಡಿಮೆಯಾದರೆ ಗಾಬರಿ ಬೀಳುವವರು ಜಾಸ್ತಿಯಾದರೆ "ಒಳ್ಳೇದೇ ಅಲ್ವಾ ಅಣ್ಣ" ಅಂತಾರೆ! ಅಂಥ ಗಾಡಿಗೆ ಆಯಿಲ್ ಬದಲಿಸಿ ಚನ್ನರಾಯಪಟ್ಟಣದ ಕಡೆ ಹೈವೇಗೆ ಹಾಕಿ, ನಾಲ್ಕನೇ ಗೇರಿನಲ್ಲಿ 2500 ಆರ್‌ಪಿಎಂ ಇಳಿಯದ ಹಾಗೆ 20 ನಿಮಿಷ ಓಡಿಸಿದರೆ ಸಾಮಾನ್ಯವಾಗಿ ದೀಪ ಆರುತ್ತದೆ. ದೀಪ ಕಂಡೂ ತಿಂಗಳುಗಟ್ಟಲೆ ಓಡಿಸಿದವರಿಗೆ ಅಷ್ಟು ಸುಲಭವಾಗಿ ಬಿಡುಗಡೆ ಇಲ್ಲ.

ಟರ್ಬೊ ಪೆಟ್ರೋಲ್, ಅಂದರೆ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪೆಟ್ರೋಲ್ ಗಾಡಿ, ಇದರ ಬಗ್ಗೆ ಹುಡುಗರಿಗೆ ಬಹಳ ಆಸೆ. ಎಳೆತ ಬೇಕಿದ್ದವರಿಗೆ ನಿಜಕ್ಕೂ ಇದು ಉತ್ತರ. ಸ್ಕೋಡಾ, ಫೋಕ್ಸ್‌ವ್ಯಾಗನ್‌ನ 1 ಲೀಟರ್ ಟಿಎಸ್‌ಐ 115 ಪಿಎಸ್, 178 ಎನ್‌ಎಂ. ಅವರದೇ 1.5 ಲೀಟರಿನದು 150 ಪಿಎಸ್, 250 ಎನ್‌ಎಂ, ಅದರ ಮುಂದೆ ಹಳೆ ಸ್ವಿಫ್ಟ್ ಲೆಕ್ಕಕ್ಕೇ ಇಲ್ಲ. ಟರ್ಬೊ ಎದ್ದ ಮೇಲೆ ಡೀಸೆಲ್ಲಿನ ನೂಕು, ಮೇಲೆ ಪೆಟ್ರೋಲಿನ ಓಟ. ಕೊಡಲಿ ಪೆಟ್ಟು ಬೀಳುವುದು ಬಂಕಿನಲ್ಲಿ. ಮೆತ್ತಗೆ ಓಡಿಸಿದರೆ ಹೈವೇಯಲ್ಲಿ 18 ಕೊಡುವ ಗಾಡಿಯೇ ಕಾಲು ಭಾರ ಮಾಡಿದರೆ 11ಕ್ಕೆ ಬರುತ್ತದೆ. ಡೀಸೆಲ್ಲಿನಲ್ಲಿ ಹೇಗೆ ಓಡಿಸಿದರೂ ಅಂತರ ಇಷ್ಟು ದೊಡ್ಡದಿರಲಿಲ್ಲ, ಹಾಗಾಗಿ ಡೀಸೆಲ್ ಓಡಿಸಿ ಬಂದವರಿಗೇ ಇದು ಹೆಚ್ಚು ಚುಚ್ಚುತ್ತದೆ.

ಮೇಲೆ ಹೇಳಿದ 2025ರ ದರದಲ್ಲೇ ಲೆಕ್ಕ ಹಾಕಿ ತೋರಿಸುತ್ತೇನೆ. ವರ್ಷಕ್ಕೆ 20,000 ಕಿ.ಮೀ. ಓಡುವವರಿಗೆ, ಲೀಟರಿಗೆ 20 ಕೊಡುವ ಡೀಸೆಲ್ಲಿಗೆ ಖರ್ಚು 91,000 ರೂಪಾಯಿ. 13 ಕೊಡುವ ಟರ್ಬೊ ಪೆಟ್ರೋಲಿಗೆ ಸುಮಾರು 1,58,000. 18 ಕೊಡುವ ಸಾದಾ ಪೆಟ್ರೋಲಿಗೆ 1,14,000. ಅದೇ ವರ್ಷಕ್ಕೆ 8,000 ಕಿ.ಮೀ. ಅಂದರೆ ಡೀಸೆಲ್ 36,000, ಟರ್ಬೊ 63,000, ಸಾದಾ 46,000. ಸಾದಾ ಪೆಟ್ರೋಲಿಗೂ ಡೀಸೆಲಿಗೂ ವರ್ಷಕ್ಕೆ ಹತ್ತು ಸಾವಿರದ ವ್ಯತ್ಯಾಸ. ಕೊಳ್ಳುವಾಗ ಡೀಸೆಲ್ಲಿಗೆ ಲಕ್ಷಕ್ಕೂ ಹೆಚ್ಚು ಕೊಟ್ಟಿರುತ್ತೀರಿ, ಅದು ವಾಪಸ್ಸು ಬರುವಷ್ಟರಲ್ಲಿ ಗಾಡಿಯೇ ಹಳತಾಗುತ್ತದೆ. ಕಮ್ಮಿ ಓಡಿಸುವ ಮೇಷ್ಟ್ರುಗಳಿಗೆ, ನಿವೃತ್ತರಿಗೆ ನಾನು ಹೇಳುವುದು ಇಷ್ಟೇ: ಪಿಕಪ್ಪಿನ ಚಪಲ ಇದ್ದರೆ ಟರ್ಬೊ, ಇಲ್ಲದಿದ್ದರೆ ಸಾದಾ ಪೆಟ್ರೋಲು. ಮೈಲೇಜಿನ ಚಿಂತೆ ಬಿಡಿ.

ಇನ್ನು ಹೈಬ್ರಿಡ್, ಅಂದರೆ ಪೆಟ್ರೋಲ್ ಇಂಜಿನ್ನಿನ ಜೊತೆಗೆ ಕರೆಂಟಿನ ಮೋಟಾರೂ ಇರುವ ಗಾಡಿ. ನನ್ನ ಮಟ್ಟಿಗೆ ಹಳೆ ಡೀಸೆಲ್ಲಿನ ನಿಜವಾದ ವಾರಸುದಾರ ಇದೇ, ಬೆಲೆ ಒಂದು ಬಿಟ್ಟು. ನಮ್ಮ ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಹೈರೈಡರ್, ಗ್ರ್ಯಾಂಡ್ ವಿಟಾರ ಹೈಬ್ರಿಡ್‌ಗಳ ಪ್ರಮಾಣಿತ ಮೈಲೇಜು 27.97. ರಸ್ತೆಯಲ್ಲಿ 22 ಅಂತ ಹಿಡಿದರೂ ವರ್ಷದ 20,000 ಕಿ.ಮೀ.ಗೆ ಖರ್ಚು 94,000, ಡೀಸೆಲ್ಲಿಗೆ ಸರಿಸಮ. ಹೊರಡುವಾಗ ಮೋಟಾರು ತಳ್ಳುವುದರಿಂದ ಟರ್ಬೊ ಏಳುವುದಕ್ಕೆ ಕಾಯಬೇಕಿಲ್ಲ. ಹೋಂಡಾ ಸಿಟಿ ಹೈಬ್ರಿಡ್‌ನ ಮೋಟಾರೊಂದೇ 253 ಎನ್‌ಎಂ ಕೊಡುತ್ತದೆ. ಸ್ವಭಾವ ಮಾತ್ರ ಡೀಸೆಲ್ಲಿಗೆ ಪೂರ್ತಿ ಉಲ್ಟಾ: ಡೀಸೆಲ್ ಹೈವೇಯಲ್ಲಿ ಉಳಿಸುತ್ತದೆ, ಹೈಬ್ರಿಡ್ ಟ್ರಾಫಿಕ್ಕಿನಲ್ಲಿ ಉಳಿಸುತ್ತದೆ, ಯಾಕೆಂದರೆ ಬ್ರೇಕ್ ಒತ್ತಿದಷ್ಟೂ ಅದರ ಬ್ಯಾಟರಿ ತುಂಬುತ್ತದೆ.

ಘಾಟಿಯವರು ಇಲ್ಲಿ ಸ್ವಲ್ಪ ಕಿವಿಗೊಡಬೇಕು. ಹೈರೈಡರ್ ಹೈಬ್ರಿಡ್‌ನ ಬ್ಯಾಟರಿ ಒಂದು ಯೂನಿಟ್ಟಿಗಿಂತಲೂ ಚಿಕ್ಕದು. ಉದ್ದದ ಏರಿನಲ್ಲಿ ಅದು ಬೇಗ ಬರಿದಾಗುತ್ತದೆ, ಆಮೇಲೆ ಗಾಡಿ ಎಳೆಯುವುದು 92 ಪಿಎಸ್‌ನ ಪೆಟ್ರೋಲ್ ಇಂಜಿನ್ನೇ, ಅದೂ ಒಂದೇ ಸ್ವರದಲ್ಲಿ ಕೂಗುತ್ತಾ. ಇಳಿಜಾರಿನಲ್ಲಿ ಬ್ಯಾಟರಿ ಅರ್ಧ ದಾರಿಗೇ ತುಂಬಿಬಿಡುತ್ತದೆ, ಮುಂದೆ ಗೇರ್ ಲಿವರನ್ನು 'ಬಿ'ಗೆ ಹಾಕಿ ಇಂಜಿನ್ ಬ್ರೇಕ್ ಮೇಲೆ ಇಳಿಸಬೇಕು. ಬ್ಯಾಟರಿ ಹಿಂದೆ ಕೂತು ಡಿಕ್ಕಿಯ ಜಾಗವನ್ನೂ ತಿಂದಿರುತ್ತದೆ, ಊರಿಂದ ಅಕ್ಕಿ ಮೂಟೆ, ತೆಂಗಿನಕಾಯಿ ತುಂಬಿಸಿಕೊಂಡು ಹೋಗುವವರು ಅಳೆದು ನೋಡಿ. ಇಷ್ಟರ ಮೇಲೆ ಎಕ್ಸ್ ಶೋರೂಮ್ ಬೆಲೆಯೇ 16 ಲಕ್ಷದ ಮೇಲೆ. ನಮ್ಮ ರಾಜ್ಯದಲ್ಲಿ 10 ಲಕ್ಷ ದಾಟಿದರೆ ರಸ್ತೆ ತೆರಿಗೆ ಶೇ. 17, ವಿಮೆಯೂ ಸೇರಿದರೆ ಆನ್ ರೋಡ್ 20ರ ಹತ್ತಿರ ಹೋಗುತ್ತದೆ. ಸ್ವಿಫ್ಟ್ ತಗೊಂಡಿದ್ದ ಮನೆಗೆ ಇದು ಸಣ್ಣ ಮಾತಲ್ಲ.

ಸಿಎನ್‌ಜಿ? ಖರ್ಚು ಕಮ್ಮಿ, ಎಳೆತ ಇನ್ನೂ ಕಮ್ಮಿ. ಡೀಸೆಲ್ ಪಿಕಪ್ ಕೇಳಿಕೊಂಡು ಬಂದವರಿಗೆ ಅದನ್ನು ಹೇಳುವುದು ನ್ಯಾಯವಲ್ಲ.

ಎಲೆಕ್ಟ್ರಿಕ್ ಗಾಡಿಯ ಎಳೆತದ ಮುಂದೆ ಮೇಲಿನ ಯಾವುದೂ ನಿಲ್ಲುವುದಿಲ್ಲ. ನಿಂತಲ್ಲಿಂದಲೇ ಪೂರ್ತಿ ಟಾರ್ಕು. ಯೂನಿಟ್ಟಿಗೆ 7 ರೂಪಾಯಿ, ಯೂನಿಟ್ಟಿಗೆ ಆರೂವರೆ ಕಿ.ಮೀ. ಅಂತ ಹಿಡಿದರೆ ಅದೇ 20,000 ಕಿ.ಮೀ.ಗೆ 22,000 ರೂಪಾಯಿ ಸಾಕು. ಸ್ವಂತ ಮನೆ, ಮನೆಮುಂದೆ ಗಾಡಿ ನಿಲ್ಲಿಸುವ ಜಾಗ, ಅಲ್ಲೊಂದು 15 ಆಂಪ್ ಪ್ಲಗ್ ಪಾಯಿಂಟ್, ದಿನಕ್ಕೆ ಗೊತ್ತಿರುವಷ್ಟೇ ಓಟ: ಇಷ್ಟಿದ್ದರೆ ಬೇರೆ ಗಾಡಿ ನೋಡಲೇಬೇಡಿ. ಬಾಡಿಗೆ ಮನೆ, ರಸ್ತೆಬದಿ ಪಾರ್ಕಿಂಗ್ ಅಂದರೆ ಸದ್ಯಕ್ಕೆ ಬೇಡ. ಹೊರಗಿನ ಫಾಸ್ಟ್ ಚಾರ್ಜರಿನ ದರ ಮನೆಯದಕ್ಕಿಂತ ಎರಡು ಮೂರು ಪಟ್ಟು, ಜೊತೆಗೆ ಹಬ್ಬದ ರಜೆಯಲ್ಲಿ ಕ್ಯೂ.

ಯಾವುದೇ ಆಗಲಿ, ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಳ್ಳಿ, ಎಸಿ ಹಾಕಿ, ಅವರು ತೋರಿಸುವ ಬೈಪಾಸ್ ಬಿಟ್ಟು ಯಾವುದಾದರೂ ಏರು ರಸ್ತೆಗೆ ಹೋಗಿ. ಮ್ಯಾನ್ಯುಯಲ್ ಆದರೆ ಮೂರನೇ ಗೇರಿನಲ್ಲಿ 30ಕ್ಕೆ ಇಳಿಸಿ, ಗೇರ್ ಮುಟ್ಟದೆ ಆಕ್ಸಿಲರೇಟರ್ ಒತ್ತಿ. ನಿಮ್ಮ ಹಳೆ ಗಾಡಿಯಲ್ಲೂ ಅದೇ ಏರಿನಲ್ಲಿ ಅದೇ ದಿನ ಹೀಗೇ ಮಾಡಿ ನೋಡಿ.

ಕೊನೆಗೆ, ಅರ್ಧಕ್ಕರ್ಧ ಜನ ಎದ್ದು ಹೊರಡುವಾಗ ಕೇಳುವ ಮಾತು: "ಹಾಗಾದ್ರೆ ಇದನ್ನೇ ಇಟ್ಕೊಳ್ಲಾ? ಹತ್ತು ವರ್ಷ ಆದ್ರೆ ಡೀಸೆಲ್ ಗಾಡಿ ಹಿಡೀತಾರಂತೆ?" ಆ ಹತ್ತು ವರ್ಷದ ನಿಯಮ ದೆಹಲಿ ಸುತ್ತಮುತ್ತಲಿನದ್ದು. ಕರ್ನಾಟಕದಲ್ಲಿ 15 ವರ್ಷ ತುಂಬಿದ ಮೇಲೆ ಆರ್‌ಟಿಒದಲ್ಲಿ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ) ಮಾಡಿಸಿ, ನೋಂದಣಿ ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿದರೆ ಇನ್ನೈದು ವರ್ಷಕ್ಕೆ ಆರ್‌ಸಿ ನವೀಕರಣ ಆಗುತ್ತದೆ. ಕೆಳಭಾಗಕ್ಕೆ ತುಕ್ಕು ಹಿಡಿದಿಲ್ಲ, ಇಂಜಿನ್ ಆಯಿಲ್ ಕುಡಿಯುತ್ತಿಲ್ಲ, ಬೆಳಗಿನ ಮೊದಲ ಸ್ಟಾರ್ಟಿಗೆ ನೀಲಿ ಹೊಗೆ ಬರುತ್ತಿಲ್ಲ ಅಂದರೆ ಕ್ಲಚ್, ಇಂಜೆಕ್ಟರ್, ಸಸ್ಪೆನ್ಷನ್ ಬುಷ್ ಬದಲಿಸಿ ಓಡಿಸಿ. ಹೊಸ ಗಾಡಿಯ ಕೆಲವು ತಿಂಗಳ ಇಎಂಐಗಿಂತ ಅದು ಹೆಚ್ಚಾಗುವುದಿಲ್ಲ. ತುಕ್ಕು ಹಿಡಿದಿದ್ದರೆ, ಕರಾವಳಿಯ ಗಾಡಿಗಳಲ್ಲಿ ಅದು ಜಾಸ್ತಿ, ಒಂದು ರೂಪಾಯಿಯನ್ನೂ ಹಾಕಬೇಡಿ. ಬಂದಷ್ಟಕ್ಕೆ ಕೊಟ್ಟುಬಿಡಿ.