ಮರೆವು ಯಾವಾಗಿನಿಂದ ಎಂದು ಮೊದಲು ಕೇಳಿ

ಮೂಡಿಗೆರೆ ಕಡೆ ಆಷಾಢದ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಅಂಥದೊಂದು ದಿನ ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಸೊಸೆ ತಾಲ್ಲೂಕು ಆಸ್ಪತ್ರೆಗೆ ಕರೆತಂದರು. “ಅತ್ತೆಗೆ ಅರಳುಮರಳು ಶುರುವಾಗಿದೆ ಡಾಕ್ಟ್ರೇ. ಒಲೆ ಮೇಲಿಟ್ಟ ಹಾಲು ಮರೀತಾರೆ. ಏನು ಕೇಳಿದ್ರೂ ಗೊತ್ತಿಲ್ಲ ಅಂತಾರೆ. ಇನ್ನೇನು, ವಯಸ್ಸಾಯ್ತಲ್ಲ” ಎಂದರು. ವಯಸ್ಸಾಯ್ತಲ್ಲ ಎಂಬ ಈ ಒಂದು ಮಾತಿಗೆ ಎಷ್ಟೋ ಹಿರಿಯರ ಚಿಕಿತ್ಸೆ ತಪ್ಪಿಹೋಗುತ್ತದೆ.

ಸೊಸೆಯನ್ನು ಬೇರೆ ಕೂರಿಸಿ ಕೇಳಿದ ಮೊದಲ ಪ್ರಶ್ನೆ, ಇದು ಯಾವಾಗಿನಿಂದ? “ಯುಗಾದಿಗೆ ಒಬ್ಬಟ್ಟು ಅವರೇ ತಟ್ಟಿದ್ರು. ಮಾವ ಹೋದ ಮೇಲೆ ಹಿಂಗಾದ್ರು.” ಹೀಗೆ ಹಬ್ಬ ಹಿಡಿದು ಹೇಳುವಂತಿದ್ದರೆ, ಕೆಲವೇ ವಾರಗಳಲ್ಲಿ ಮನುಷ್ಯ ಕುಗ್ಗಿದ್ದರೆ, ಖಿನ್ನತೆಯನ್ನು ಮೊದಲು ಹುಡುಕಬೇಕು. ಮೆದುಳು ನಿಧಾನವಾಗಿ ಸವೆದು ಮರೆವು ಬರುವ ಅಲ್ಜೈಮರ್ಸ್ ಕಾಯಿಲೆ ಶುರುವಾದ ದಿನ ಮನೆಯವರಿಗೆ ತಿಳಿಯುವುದಿಲ್ಲ. “ಎರಡು ಮೂರು ವರ್ಷದಿಂದ ಇದ್ದಿರಬಹುದು” ಎನ್ನುತ್ತಾರೆ. ಮೊನ್ನೆ ಸರಿಯಿದ್ದವರು ಇವತ್ತು ಹೊತ್ತುಗೊತ್ತು ತಪ್ಪಿ ಬಡಬಡಿಸುತ್ತಿದ್ದರೆ ಅದು ಡೆಲಿರಿಯಂ ಇರಬಹುದು. ಮೂತ್ರದ ಸೋಂಕು, ಸೋಡಿಯಂ ಇಳಿಯುವುದು, ಹೊಸ ಮಾತ್ರೆ ಇವು ಸಾಮಾನ್ಯ ಕಾರಣ. ಅಂಥವರನ್ನು ಅದೇ ದಿನ ಆಸ್ಪತ್ರೆಗೆ ತರಬೇಕು.

ಆಮೇಲೆ ಮಾತ್ರೆಗಳ ಚೀಲ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ತರಲು ಹೇಳಿ, ಮೇಜಿನ ಮೇಲೆ ಸುರಿದು ನೋಡುವುದು ಒಳ್ಳೆಯದು. ಬಿಪಿ ಮಾತ್ರೆಗಳ ನಡುವೆ ಮೆಡಿಕಲ್‌ ಶಾಪಿನಿಂದ ತಂದ ನೆಗಡಿ ಮಾತ್ರೆ ಇತ್ತು, ಕ್ಲೋರ್‌ಫೆನಿರಮಿನ್ ಇರುವುದು. ಮಳೆ ಹಿಡಿದಾಗಿನಿಂದ ದಿನಕ್ಕೆರಡು. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನೇ ಇದು ತಡೆಯುತ್ತದೆ. ಹಿರಿಯರಲ್ಲಿ ತೂಕಡಿಕೆ, ಗೊಂದಲ, ಮೂತ್ರ ಕಟ್ಟುವುದು ಎಲ್ಲ ಬರಬಹುದು. ನೆಗಡಿ ಮಾತ್ರೆ ಅಲ್ಲೇ ನಿಂತಿತು. ನಿದ್ದೆಯ ಆಲ್‌ಪ್ರಜೋಲಂ ಆಗಿದ್ದರೆ ಹಾಗೆ ತಟ್ಟನೆ ನಿಲ್ಲಿಸುವಂತಿಲ್ಲ, ವೈದ್ಯರು ವಾರಗಳ ಮೇಲೆ ಇಳಿಸಬೇಕು.

ಅಜ್ಜಿಯೊಡನೆ ಮಾತಾಡುವಾಗ ಚೆನ್ನಾಗಿ ಕೇಳುವ ಕಿವಿಯ ಕಡೆ ಕೂತು ನಿಧಾನವಾಗಿ ಮಾತಾಡಬೇಕು. ಕಿವಿ ಮಂದವಾದವರನ್ನು ಮರೆವಿನವರೆಂದು ಬರೆದುಬಿಡುವುದು ಬಹಳ. ದುಃಖ ಇದೆಯಾ ಎಂದರೆ ಇಲ್ಲ ಎನ್ನುತ್ತಾರೆ. ಊಟ ಸೇರುತ್ತಾ, ಬೆಳಗಿನ ಜಾವ ಎಷ್ಟಕ್ಕೆ ಎಚ್ಚರವಾಗುತ್ತೆ, ಮೊಮ್ಮಕ್ಕಳು ಬಂದರೆ ಮಾತಾಡಬೇಕು ಅನ್ನಿಸುತ್ತಾ ಎಂದು ಕೇಳಿದರೆ ಬಾಯಿ ಬಿಡುತ್ತಾರೆ. ಹೌದು, ಇಲ್ಲ ಎಂಬ ಉತ್ತರದ 15 ಪ್ರಶ್ನೆಗಳ ಹಿರಿಯರ ಖಿನ್ನತೆ ಮಾಪನವಿದೆ. 5ಕ್ಕಿಂತ ಹೆಚ್ಚು ಅಂಕ ಬಂದರೆ ಮುಂದಿನ ತಪಾಸಣೆ ಬೇಕು. ಬದುಕಿದ್ದು ಸಾಕು ಅನ್ನಿಸುತ್ತಾ ಎಂದು ನೇರವಾಗಿಯೇ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಹೌದೆಂದರೆ ಒಬ್ಬರನ್ನೇ ಬಿಡಬಾರದು. ತೋಟದ ಮನೆಗಳಲ್ಲಿ ಔಷಧಿ ಹೊಡೆಯುವ ವಿಷ ಕೊಟ್ಟಿಗೆಯಲ್ಲೇ ಇರುತ್ತದೆ, ಅದಕ್ಕೆ ಬೀಗ ಬೀಳಬೇಕು, ಕೀಲಿ ಬೇರೆಯವರ ಹತ್ತಿರ ಇರಬೇಕು.

ಶಾಲೆ ಕಾಣದವರಿಗೆ ಓದು, ಬರಹ, ಕಳೆಯುವ ಲೆಕ್ಕದ ಪರೀಕ್ಷೆ ಕೊಡುವುದು ಅನ್ಯಾಯ. ಮೂರು ವಸ್ತುಗಳ ಹೆಸರು ಹೇಳಿ ಐದು ನಿಮಿಷ ಬಿಟ್ಟು ಕೇಳಿದೆವು. ಮೊದಲು ಗೊತ್ತಿಲ್ಲ ಎಂದರು. “ಅಡಿಗೆಮನೇದು” ಎಂದು ಸುಳಿವು ಕೊಟ್ಟರೆ “ಸೌಟು” ಎಂದರು. ಖಿನ್ನತೆಯಲ್ಲಿ ಸುಳಿವು ಸಾಮಾನ್ಯವಾಗಿ ಕೆಲಸ ಮಾಡುತ್ತದೆ, ಅಲ್ಜೈಮರ್ಸ್‌ನಲ್ಲಿ ಹೆಚ್ಚಾಗಿ ಮಾಡುವುದಿಲ್ಲ. ಅಲ್ಲಿ ಗೊತ್ತಿಲ್ಲ ಎನ್ನುವುದಕ್ಕಿಂತ ತಪ್ಪು ಉತ್ತರ, ಮಾತು ಮರೆಸುವುದು ಹೆಚ್ಚು. ಮನೆಗೆಲಸದಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಖಿನ್ನರಾದವರು ಕಡುಬು ಮಾಡುವುದನ್ನೇ ಬಿಡುತ್ತಾರೆ. ಡಿಮೆನ್ಷಿಯಾ, ಅಂದರೆ ಅಲ್ಜೈಮರ್ಸ್‌ನಂಥ ಮರೆವಿನ ಕಾಯಿಲೆ ಇರುವವರು ಮಾಡಲು ಹೋಗಿ ಯಾವುದಾದ ಮೇಲೆ ಯಾವುದು ಎಂಬುದನ್ನು ತಪ್ಪುತ್ತಾರೆ. ಎರಡೂ ಒಟ್ಟಿಗೆ ಇರುವುದೂ ಉಂಟು, ಆಗಲೂ ಖಿನ್ನತೆಗೆ ಚಿಕಿತ್ಸೆ ಬೇಕು.

ರಕ್ತದಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್, ಥೈರಾಯ್ಡ್‌ನ ಟಿಎಸ್‌ಎಚ್, ವಿಟಮಿನ್ ಬಿ12 ನೋಡಿಸಬೇಕು. ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದದ್ದುಂಟೇ ಎಂದು ಮರೆಯದೆ ಕೇಳಬೇಕು. ಸಣ್ಣ ಪೆಟ್ಟಿಗೂ ಮೆದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಜಿನುಗಿ, ವಾರಗಳ ಮೇಲೆ ಮಂಕು ಕವಿಯಬಹುದು. ಅನುಮಾನವಿದ್ದರೆ ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗಿ ಸ್ಕ್ಯಾನ್ ಮಾಡಿಸಬೇಕು.

ಅಜ್ಜಿಗೆ ಖಿನ್ನತೆಯ ಮಾತ್ರೆ ಎಸಿಟಾಲೋಪ್ರಾಮ್ ದಿನಕ್ಕೆ 5 ಮಿ.ಗ್ರಾಂ. ಶುರುವಾಯಿತು. ಹಿರಿಯರಲ್ಲಿ 10 ದಾಟಿಸುವುದಿಲ್ಲ. ಮೊದಲ ವಾರ ಹೊಟ್ಟೆ ತೊಳಸಬಹುದು, ಗುಣ ಕಾಣಲು ಮೂರು ನಾಲ್ಕು ವಾರ, ಪೂರ್ತಿ ಫಲಕ್ಕೆ ಎರಡು ತಿಂಗಳವರೆಗೂ ಬೇಕು. ಏನೂ ಆಗಲಿಲ್ಲವೆಂದು ಹತ್ತನೇ ದಿನಕ್ಕೆ ನಿಲ್ಲಿಸುವ ಮನೆಗಳೇ ಜಾಸ್ತಿ, ಅದಕ್ಕೆ ಸೊಸೆಗೆ ಎರಡು ಸಲ ಹೇಳಬೇಕಾಯಿತು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ಜೊತೆಗಿದ್ದರೆ ಸೋಡಿಯಂ ಇಳಿಯಬಹುದು, ಹಾಗಾಗಿ ಎರಡು ವಾರದೊಳಗೆ ಮತ್ತೆ ರಕ್ತಪರೀಕ್ಷೆ. ಬಸ್ಸಿಲ್ಲದ ರಾತ್ರಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮನಸ್ಸು ಹಗುರಾದ ಮೇಲೆ ನೆನಪಿನ ಪರೀಕ್ಷೆ ಇನ್ನೊಮ್ಮೆ ಆಗಲೇಬೇಕು. ಇಳಿವಯಸ್ಸಿನಲ್ಲಿ ಮೊದಲ ಬಾರಿ ಬಂದ ಖಿನ್ನತೆ ಕೆಲವರಲ್ಲಿ ಡಿಮೆನ್ಷಿಯಾದ ಮುನ್ಸೂಚನೆಯಾಗಿರುತ್ತದೆ. ಆಗಲೂ ಮರೆವು ಉಳಿದಿದ್ದರೆ ಡಿಮೆನ್ಷಿಯಾದ ಮಾತ್ರೆ ಡೊನೆಪೆಜಿಲ್ ಯೋಚಿಸಬಹುದು. ಅದು ಎದೆಬಡಿತವನ್ನು ನಿಧಾನ ಮಾಡುವುದರಿಂದ ನಾಡಿ, ಇಸಿಜಿ ಎರಡನ್ನೂ ನೋಡಿಯೇ ಕೊಡಬೇಕು.