ನೀವೀಗ ಎಲ್ಲಿದ್ದೀರಿ?

14 ಡಿಸೆಂಬರ್ 2025, ಭಾನುವಾರ
ನವನಗರ, ಬಾಗಲಕೋಟೆ

ಎರಡು ಸಲ ತೊಳೆದರೂ ಸೀರೆಯ ಮೊಣಕಾಲಿನ ಕಡೆಯ ಕಲೆ ಹೋಗಿಲ್ಲ. ಮತ್ತೆ ನೆನೆಹಾಕಿ ಬರೆಯಲು ಕೂತಿದ್ದೇನೆ.

ನಿನ್ನೆ ಮುಧೋಳದಲ್ಲಿ ಚಿಕ್ಕಮ್ಮನ ಮಗಳ ಕುಬಸ (ಸೀಮಂತ) ಮುಗಿಸಿಕೊಂಡು ಅಣ್ಣ, ವೈನಿ, ನಾನು ಕಾರಿನಲ್ಲಿ ಬರುತ್ತಿದ್ದೆವು. ಲೋಕಾಪುರ ದಾಟಿತ್ತು, ಕಲಾದಗಿ ಬಂದಿರಲಿಲ್ಲ. ರಾತ್ರಿ ಎಂಟೂವರೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಎರಡು ಟ್ರೇಲರ್, ಊರಿಗೆಲ್ಲ ಕೇಳುವಷ್ಟು ಹಾಡು. ನಮ್ಮನ್ನು ಹಿಂದೆ ಹಾಕಿ ಹೋದ ಬೈಕು ಅದರ ಹಿಂಬದಿಗೆ ಬಡಿಯಿತು. ಆ ಹಾಡಿನಲ್ಲಿ ಟ್ರ್ಯಾಕ್ಟರಿನವನಿಗೆ ಸಪ್ಪಳವೇ ಕೇಳಿಸಲಿಲ್ಲ. ಅಣ್ಣ ಹಾರ್ನ್ ಒತ್ತಿ ಒತ್ತಿ ನಿಲ್ಲಿಸಿದ.

ಇಪ್ಪತ್ತೆರಡು-ಇಪ್ಪತ್ಮೂರರ ಹುಡುಗ. ಹೆಲ್ಮೆಟ್ ಇತ್ತು, ಉಸಿರಿತ್ತು. ನಾನು ಮಾಡಿದ ಮೊದಲ ಕೆಲಸವೇ ತಪ್ಪು: ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಎಳೆಯಲು ಹೋದೆ. ಕುತ್ತಿಗೆಯ ಎಲುಬಿಗೆ ಪೆಟ್ಟಾಗಿರಬಹುದು, ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಮುಟ್ಟಬೇಡಿ ಎಂದು ಶಾಲೆಯಲ್ಲಿ ಗೈಡ್ಸ್ ಹುಡುಗಿಯರಿಗೆ ಪ್ರತಿ ವರ್ಷ ಹೇಳಿಕೊಡುವವಳು ನಾನೇ! ಕೈ ಅಲ್ಲೇ ತಡೆದು, ಮೊಣಕಾಲೂರಿ, ಹೆಲ್ಮೆಟ್ ಸಮೇತ ತಲೆಯನ್ನು ಎರಡೂ ಅಂಗೈಯಲ್ಲಿ ಅಲುಗದಂತೆ ಹಿಡಿದೆ. ಕಾಲಿನಿಂದ ಸುರಿಯುತ್ತಿದ್ದ ರಕ್ತಕ್ಕೆ ವೈನಿ, ಅಣ್ಣನಿಗೆ ಉಡುಗೊರೆ ಬಂದಿದ್ದ ಹೊಸ ಟವೆಲ್ ಮಡಚಿ ಒತ್ತಿ ಹಿಡಿದಳು.

ಅಣ್ಣ 108ಕ್ಕೆ ಫೋನ್ ಹಚ್ಚಿದ. "ನೀವೀಗ ಎಲ್ಲಿದ್ದೀರಿ?"

"ಲೋಕಾಪುರದ ಹಂತ್ಯಾಕ್ರಿ."

ಯಾವ ಕಡೆ? ಎಷ್ಟು ದೂರ? ಪಕ್ಕದಲ್ಲಿ ಏನಿದೆ? ಪಕ್ಕದಲ್ಲಿ ಕತ್ತಲು, ಕಬ್ಬು. ಗಾಬರಿಯಲ್ಲಿ ಅಣ್ಣ ಮುಧೋಳದ ಕಡೆ ಅಂದುಬಿಟ್ಟ, ನಾನು ಕೂಗಿ ತಿದ್ದಿದೆ. ಕೊನೆಗೆ ಟ್ರ್ಯಾಕ್ಟರಿನವನೇ ಮೊಬೈಲ್ ಬೆಳಕಿನಲ್ಲಿ ಓಡಿಹೋಗಿ ಕಿಲೋಮೀಟರ್ ಕಲ್ಲು ಓದಿಕೊಂಡು ಬಂದ. ನಾಲ್ಕು ನಿಮಿಷ ಹೋಗಿತ್ತು. ಸಮೀಪದ ಗಾಡಿ ಕಳಿಸಲು ಅವರಿಗೆ ಬೇಕಿದ್ದದ್ದು ಅದೊಂದೇ. ನಾವು ಬೈಕಿನ ಸ್ಪೀಡು ವರ್ಣಿಸುತ್ತಿದ್ದೆವು. ಮೂವತ್ತು ವರ್ಷ ಓಡಾಡಿದ ರಸ್ತೆ ಇದು.

ಜನ ಸೇರಿದರು. "ಅಕ್ಕಾರ, ಬಾಯಾಗ ನೀರ ಬಿಡ್ರಿ." "ಟಾಟಾ ಏಸ್ ನಿಂತೈತಿ, ಎತ್ತಿ ಹಾಕೂನು, ಕಾಯಕೊಂತ ಕುಂತ್ರ ಹೋಗ್ತಾನ." ಒಳ್ಳೆ ಮನಸ್ಸಿನವರೇ ಎಲ್ಲ, ಆದರೂ ಬೈದು ದೂರ ಇಟ್ಟೆ. ಒಬ್ಬ ಅಜ್ಜ ಮಾತ್ರ ಏನೂ ಹೇಳದೆ ಹಿಂದಕ್ಕೆ ನಡೆದು, ತಲೆಯ ಬಿಳಿ ಪಟಗಾ ಬಿಚ್ಚಿ ಬೀಸುತ್ತ ಬರುವ ಗಾಡಿಗಳನ್ನು ತಡೆಯುತ್ತಿದ್ದ.

ಆಂಬುಲೆನ್ಸ್ 23 ನಿಮಿಷಕ್ಕೆ ಬಂತು. ಚಾಲಕನಿಗೆ ಅವರಲ್ಲಿ ಪೈಲಟ್ ಅನ್ನುತ್ತಾರೆ. ಜೊತೆಗೆ ಸಣ್ಣ ವಯಸ್ಸಿನ ಇಎಂಟಿ, ಅಂದರೆ ತುರ್ತು ಚಿಕಿತ್ಸೆ ಕೊಡುವವನು. ಅವಸರವೇ ಇಲ್ಲವೇನೋ ಅನ್ನಿಸುವಂಥ ಕೆಲಸ. ಒಬ್ಬ ಕುತ್ತಿಗೆ ಹಿಡಿದ, ಇನ್ನೊಬ್ಬ ಹೆಲ್ಮೆಟ್ಟನ್ನು ಎರಡೂ ಬದಿಗೆ ಹಿಗ್ಗಿಸಿ ಮೆಲ್ಲಗೆ ತೆಗೆದ. ಕುತ್ತಿಗೆಗೆ ಕಾಲರ್. "ಮೂರು ಅಂದ ಕೂಡ್ಲೆ ಎಲ್ಲಾರೂ ಒಮ್ಮೆಗೆ" — ದಿಮ್ಮಿ ಹೊರಳಿಸಿದ ಹಾಗೆ ಒಂದೇ ಹೊರಳಿಗೆ ಬೋರ್ಡಿನ ಮೇಲೆ. ಬೆರಳಿಗೆ ಕ್ಲಿಪ್ಪು, ಮುಖಕ್ಕೆ ಆಕ್ಸಿಜನ್. ವೈನಿಯ ಟವೆಲ್ಲನ್ನು ತೆಗೆಯಲಿಲ್ಲ, ಅದರ ಮೇಲೇ ಬ್ಯಾಂಡೇಜು ಸುತ್ತಿದ.

ನಾವೂ ಹಿಂದೆಯೇ ಬಾಗಲಕೋಟೆಗೆ ಬಂದೆವು. ಹೆಸರು ಬರೆಸಿದರೆ ಸಾಕ್ಷಿ ಹೇಳಲು ಅಲೆಯಬೇಕು ಅಂತ ವೈನಿಗೆ ದಿಗಿಲು. ಹಾಗೇನಿಲ್ಲ, ನೆರವಾದವರನ್ನು ಹೆಸರು ಹೇಳಿ ಎಂದು ಒತ್ತಾಯಿಸುವಂತಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟೇ ಮುದ್ರೆ ಒತ್ತಿದೆ. ಹುಡುಗನ ಅಪ್ಪ ಬಂದವರೇ ಮೊದಲು ಕೇಳಿದ್ದು, "ಎಷ್ಟ ಕಟ್ಟಬೇಕ್ರಿ?" ಅಪಘಾತದವರಿಗೆ 7 ದಿನದವರೆಗೆ 1.5 ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆ ಈ ಮೇ ತಿಂಗಳಿಂದ ಇದೆ. ಕೌಂಟರಿನ ಹುಡುಗನಿಗೆ ನಾನೇ ಹೇಳಬೇಕಾಯಿತು. ಅವನು ಒಳಗೆ ಕೇಳಿಕೊಂಡು ಬರಲು ಹೋದ. ಇವತ್ತು ಮಧ್ಯಾಹ್ನ ಅವರ ಫೋನು: ಕಾಲಿಗೆ ಆಪರೇಷನ್ ಆಗಿದೆ, ಕುತ್ತಿಗೆಗೆ ಏನೂ ಆಗಿಲ್ಲ.

ಆ ಟ್ರ್ಯಾಕ್ಟರಿನವನದು ಒಂದು ಬರೆಯಬೇಕು. ಆಂಬುಲೆನ್ಸ್ ಹೊರಟ ಮೇಲೆ ಸಿಟ್ಟಿನಲ್ಲಿ ಕೇಳಿದೆ, "ಹಿಂದ ಒಂದ ರಿಫ್ಲೆಕ್ಟರ್ ಹಚ್ಚಾಕ ಏನಾಗೈತಿ ನಿಮಗ?"

"ಐತ್ರಿ ಅಕ್ಕಾರ, ಪೊಲೀಸ್ರ ಹಚ್ಚ್ಯಾರ," ಅಂದ. ನಡುಗುತ್ತಿದ್ದ. ಟ್ರೇಲರಿನಾಚೆ ಜೋತುಬಿದ್ದಿದ್ದ ಕಬ್ಬನ್ನು ಎರಡೂ ಕೈಯಿಂದ ಎತ್ತಿ ಹಿಡಿದ. ನಮ್ಮ ಕಾರಿನ ಬೆಳಕಿಗೆ ಕೆಂಪು ಪಟ್ಟಿ ಫಳಕ್ಕನೆ ಹೊಳೆಯಿತು. ಕೈ ಸೋತು ಬಿಟ್ಟ. ಕಬ್ಬು ಮತ್ತೆ ಮುಚ್ಚಿಕೊಂಡಿತು.